ಹನ್ನೆರಡು ಡಬ್ಬಿಗಳ ಪಾಳಿ

2007ರ ಡಿಸೆಂಬರ್, ಹಿಂಗಾರಿ ಜೋಳ ಹಾಲುಗಾಳಾದ ಕಾಲ, ಬೆಳಗಿನ ಎಂಟು ಗಂಟೆ. ಮುಗದ ಊರಿನ ನನ್ನ ಹೊಲದ ಬದುವಿನ ಮೇಲೆ ನಿಂತು ಜಯಾ ಮೇಡಂ ನನ್ನನ್ನು ಕಳ್ಳ ಅಂದರು.

ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವರ ಕೆಲಸ. ಮಣ್ಣಿನ ಹಸಿಯನ್ನು ತಂತಿಯಿಲ್ಲದೆ ತಿಳಿಸುವ ಹನ್ನೆರಡು ಸೆನ್ಸಾರ್ ಡಬ್ಬಿಗಳನ್ನು ನನ್ನ ಹೊಲದಲ್ಲಿ ನಿಲ್ಲಿಸಿದ್ದರು. ಒಂದು ಡಬ್ಬಿ ಪಕ್ಕದ್ದಕ್ಕೆ ಹೇಳಿ, ಅದು ಮುಂದಿನದಕ್ಕೆ ಹೇಳಿ, ಸುದ್ದಿ ಪಂಪ್‌ಮನೆಯ ಕಂಪ್ಯೂಟರಿಗೆ ಮುಟ್ಟಬೇಕು. ನಾಲ್ಕೇ ದಿನಕ್ಕೆ ಸೆಲ್ಲುಗಳು ಖಾಲಿಯಾಗುತ್ತಿದ್ದವು. ಅದು ಮೂರನೆಯ ಸಲ.

"ಹೊಸಾ ಸೆಲ್ ನಿಮ್ಮ ರೇಡಿಯೋಕ್ಕ ಹಾಕ್ಕೊಂಡು ಹಳೇವು ಇಟ್ಟೀರಿ. ಖರೇ ಹೇಳ್ರಿ, ದ್ಯಾಮಣ್ಣ."

ಮೈಯೆಲ್ಲ ಉರಿಯಿತು. ಆ ಉರಿಯಲ್ಲೂ, ಗಾಳಿಗೆ ಹಣೆಗೆ ಬಂದ ಕೂದಲನ್ನು ಅವರು ಕಿವಿಯ ಹಿಂದೆ ಸೇರಿಸಿದ್ದು ನೋಡಿದೆ. ನೋಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಹೆಂಡತಿ ತೀರಿ ಎಂಟು ವರ್ಷವಾಗಿತ್ತು. ಅವರಿಗೂ ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ ಅವರು ಬರುವ ಬಸ್ಸಿನ ಸಪ್ಪಳಕ್ಕೆ ನನ್ನ ಕಿವಿ ಕಾಯುತ್ತಿತ್ತು.

ಈ ಡಬ್ಬಿಗಳು ದಿನವಿಡೀ ಏನು ಮಾಡುತ್ತವೆ ಎಂದು ಕೇಳಿದೆ. ಸೆಲ್ಲು ಉಳಿಯಲೆಂದು ಮಲಗುತ್ತವೆ, ಆದರೆ ಒಂದೊಂದು ಒಂದೊಂದು ಹೊತ್ತಿಗೆ ಏಳುತ್ತದೆ ಎಂದರು. ಎದ್ದದ್ದು, ಮಲಗಿದ್ದನ್ನು ಕರೆಯುತ್ತಲೇ ಇರುತ್ತದಂತೆ.

"ಜೋಳದ ಹಕ್ಕಿ ಕಾಯಾಕ ನಾವು ಪಾಳಿ ಹಚ್ಚತೇವಿ," ಅಂದೆ. "ಹಿಂದಿನಾಂವ ಹೋಗೂದ್ರಾಗ ಮುಂದಿನಾಂವ ಬಂದಿರ್ತಾನ. ಇವಕ್ಕ ಪಾಳಿ ಹಚ್ಚೂದು ಬಿಟ್ಟು ನನಗ ಕಳ್ಳ ಅಂತೀರಿ."

ಅವರು ಕಂಪ್ಯೂಟರಿನ ಮುಂದೆ ಕೂತು, ಒಂದು ಹೇಳುವ ಹೊತ್ತಿಗೆ ಪಕ್ಕದ್ದು ಎದ್ದಿರುವಂತೆ ಸಂಜೆಯವರೆಗೆ ಹನ್ನೆರಡು ಡಬ್ಬಿಗಳಿಗೂ ಪಾಳಿ ಬರೆದರು. ನಾನು ಚಹಾ ಇಟ್ಟು ಬಂದೆ. ಕುಡಿಯಿರಿ ಅನ್ನಲಿಲ್ಲ.

ನಾಲ್ಕು ದಿನದ ಸೆಲ್ಲು ಮೂರು ತಿಂಗಳು ಬಂತು. ಆ ಮೂರು ತಿಂಗಳು ಬಸ್ಸಿನಿಂದ ಅವರು ಇಳಿಯಲಿಲ್ಲ. ಜೋಳ ರಾಶಿಯಾಗಿ ಅಮರಗೋಳದ ಮಾರುಕಟ್ಟೆಗೂ ಹೋಯಿತು. ಪಾಳಿ ಹೇಳಿಕೊಟ್ಟ ಬಾಯಿಗೆ ದಿನಾ ಬೈದುಕೊಂಡೆ.

ಕಡೆಗೆ ಡಬ್ಬಿ ಕೀಳಲು ಬಂದರು. ಮುಖದಲ್ಲಿ ಅದೇ ಸಿಟ್ಟು.

"ನಾ ಅಂದದ್ದು ತಪ್ಪು. ಆದ್ರ ನೀವ್ಯಾಕ ಪಾಳಿ ಹೇಳಿದ್ರಿ? ನಾಕು ದಿನಕ್ಕೊಮ್ಮೆ ನಾ ಬರೂದು ನಿಲ್ಲತೈತಿ ಅನ್ನೂದು ತಿಳೀಲಿಲ್ಲೇನು?"

"ತಿಳದಿತ್ತು. ಕಳ್ಳ ಅನಿಸ್ಕೊಂಡು ನಿಮ್ಮನ್ನ ಕರಿಸ್ಕೊಳ್ಳೂದು ಬ್ಯಾಡಾಗಿತ್ತು."

ಅವರ ಕಣ್ಣು ತುಂಬಿದವು. "ಹಂಗಾರ ಈಗ ಇರು ಅನ್ರಿ," ಅಂದರು.

ಕಳ್ಳ ಎಂದ ಆ ಒಂದು ಮಾತು ಇನ್ನೂ ಚುಚ್ಚುತ್ತಿತ್ತು. ನಾನು ಇರು ಅನ್ನಲಿಲ್ಲ.

ಜಯಾ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಹನ್ನೊಂದರ ಬಸ್ಸಿಗೆ ಹೋದರು. ಅಂದು ಮಾರ್ಚ್ ಮೂವತ್ತೊಂದು, ಸೋಮವಾರ.