ಬಲ ಹಿಮ್ಮಡಿ

"ಈ ಕುಣಿತ ಇನ್ನು ನನ್ನ ಕಣ್ಣೆದುರಿಗೆ ಬೇಡ!" ಎಂದವಳೇ ಅತ್ತೆ, ಸೊಸೆಯ ಬೂಟುಗಳನ್ನೆತ್ತಿ ಮಹಡಿಯ ಮೆಟ್ಟಿಲಿನಿಂದ ಎಸೆದೇಬಿಟ್ಟಳು. ಒಂದು ಬೂಟು ಮೂರನೆಯ ಮೆಟ್ಟಿಲಲ್ಲೇ ನಿಂತಿತು; ಇನ್ನೊಂದು ಉರುಳುತ್ತಾ ಹೋಗಿ ಕೆಳಗಿನ ಮನೆಯ ಬಾಗಿಲಿಗೆ ಬಡಿಯಿತು. ಸೊಸೆ ಬರಿಗಾಲಲ್ಲೇ ಇಳಿಯತೊಡಗಿದಳು... ಕಣ್ಣೀರು ಮಾತ್ರ ಗಲ್ಲದಿಂದ ಜಾರುತ್ತಿತ್ತು.

"ಅಮ್ಮ! ಅದು ಅವಳ ಕೆಲಸ!" ಅರ್ಧ ಗಡ್ಡ ಹೆರೆದುಕೊಂಡಿದ್ದ ಮಗ ಓಡಿಬಂದ.

"ಕೆಲಸವಂತೆ! ಓಡ್ತಿದ್ದಾಗ ನಾನೇನಾದರೂ ಅಂದಿದ್ನಾ? ಗಾಳಿ ಹಾಗೆ ಓಡ್ತಾಳೆ ನನ್ನ ಸೊಸೆ ಅಂತ ಹೇಳ್ಕೊಂಡು ತಿರುಗಿದೆ. ಈಗ ನೋಡು, ಬಾತುಕೋಳಿ ಹಾಗೆ ಸೊಂಟ ತಿರುಗಿಸ್ಕೊಂಡು ಬೀದಿ ತುಂಬ ನಡೀತಾಳೆ. ಕ್ಷೌರದ ಅಂಗಡಿಯವನು ಕತ್ತರಿ ನಿಲ್ಲಿಸಿ ನೋಡ್ತಾನೆ. ಒಂದು ದಿನ ಯಾರದೋ ಕಿವಿ ಹೋಗುತ್ತೆ!"

ಸೊಸೆ ಎಂಟು ವರ್ಷ ಓಡಿ ಅನ್ನ ತಿಂದವಳು. ಹಿಮ್ಮಡಿಯ ಮೇಲಿನ ನರ ಹರಿದ ಮೇಲೆ ವೈದ್ಯರು ಓಟಕ್ಕೆ ತೆರೆ ಎಳೆದಿದ್ದರು. ಓಟದ ಕ್ಲಬ್ಬಿನವರು ಅವಳನ್ನು ಕೈಬಿಡದೆ ನಡಿಗೆಯ ಸ್ಪರ್ಧೆಗೆ ಹಾಕಿದ್ದರು. ಆದರೆ ಹೋದ ಎರಡು ಸ್ಪರ್ಧೆಗಳಲ್ಲೂ ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟವೆಂದು ತೀರ್ಪುಗಾರರು ಹೊರಗೆ ಕಳಿಸಿದ್ದರು. ಇನ್ನು ಉಳಿದದ್ದು ಒಂದೇ ಆಯ್ಕೆ ಸ್ಪರ್ಧೆ. ಅಲ್ಲಿ ಮೊದಲ ಮೂವರಲ್ಲಿ ಬಂದರೆ ತಂಡ, ಇಲ್ಲವಾದರೆ ಅಲ್ಲಿಗೆ ಆಟದ ಬದುಕೇ ಮುಗಿದಂತೆ.

ಅತ್ತೆ ಇನ್ನೂ ಏನೋ ಅನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಮೂರನೆಯ ಮೆಟ್ಟಿಲಲ್ಲಿ ಅಂಗಾತ ಬಿದ್ದಿದ್ದ ಬೂಟಿನ ಅಡಿ ಕಣ್ಣಿಗೆ ಬಿದ್ದಿತ್ತು. ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ, ದೀಪದ ಮೇಜಿನ ಮೇಲೆ ಸರಿಯುವ ಬಟ್ಟೆಯಲ್ಲಿ ತಪ್ಪು ಹುಡುಕುವುದೇ ಆಕೆಯ ಕೆಲಸವಾಗಿತ್ತು. ನಿವೃತ್ತಿ ಕೆಲಸಕ್ಕೆ ಸಿಕ್ಕಿತ್ತೇ ಹೊರತು ಕಣ್ಣಿಗಲ್ಲ. ಅದಕ್ಕೇ ಮನೆಯಲ್ಲಿ ಎಲ್ಲರ ತಪ್ಪೂ ಕಾಣುತ್ತಿತ್ತು! ಆಕೆ ಇಳಿದು ಬೂಟನ್ನೆತ್ತಿಕೊಂಡಳು. ಕೆಳಗೆ ಹೋಗಿ ಸೊಸೆಯ ಕೈಯಿಂದ ಇನ್ನೊಂದನ್ನೂ ಕಿತ್ತುಕೊಂಡು ಎರಡನ್ನೂ ಬೆಳಕಿಗೆ ಹಿಡಿದಳು.

"ಎಡದ ಹಿಮ್ಮಡಿ ಸವೆದು ಸವೆದು ಹೋಗಿದೆ. ಬಲದ್ದು ಯಾಕೇ ಹೊಸದರ ಹಾಗಿದೆ?"

ಸೊಸೆ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಅಳು ನಿಂತುಹೋಗಿತ್ತು.

"ನರ ಹರಿದದ್ದು ಬಲಗಾಲಲ್ಲೇ ಅತ್ತೆ... ಹಿಮ್ಮಡಿ ಊರೋಕೆ ಭಯ ಆಗುತ್ತೇನೋ. ನನಗೇ ಗೊತ್ತಿರಲಿಲ್ಲ."

"ಊರದಿದ್ರೆ ಏನಾಗುತ್ತೆ?"

"ಒಂದಲ್ಲ ಒಂದು ಕಾಲು ಸದಾ ನೆಲದ ಮೇಲೆ ಇರಬೇಕು. ಬಲಗಾಲು ತಡ ಮಾಡಿದರೆ ಎಡಗಾಲು ಆಗಲೇ ಎದ್ದಿರುತ್ತೆ. ಎರಡೂ ಗಾಳೀಲಿ."

"ಅದನ್ನ ಯಾವ ಯಂತ್ರ ಹೇಳುತ್ತೆ?"

"ಯಂತ್ರ ಇಲ್ಲ ಅತ್ತೆ. ತೀರ್ಪುಗಾರರು ಬರಿಗಣ್ಣಲ್ಲೇ ನೋಡಬೇಕು."

"ಬರಿಗಣ್ಣಲ್ಲಾ!" ಎಂದಳು ಅತ್ತೆ. ಆ ದನಿಯಲ್ಲಿ ಬಹಳ ದಿನಗಳಿಂದ ಕಾಣದಿದ್ದ ಒಂದು ಹುರುಪಿತ್ತು. "ನಡಿ ನೋಡೋಣ. ಈಗಲೇ."

ಮರುದಿನದಿಂದ ಅತ್ತೆಗೆ ಅದೇ ಹುಚ್ಚಾಯಿತು. ಬೆಳಗಾದರೆ ಬೀದಿಯ ತಿರುವಿನಲ್ಲಿ ಹಾಜರು. ನಗುತ್ತಿದ್ದ ಕ್ಷೌರದ ಅಂಗಡಿಯವನೇ ಎರಡು ದಿನ ಆಕೆ ನಿಂತದ್ದನ್ನು ನೋಡಿ, ಮೂರನೆಯ ದಿನ ಒಂದು ಕುರ್ಚಿ ತಂದಿಟ್ಟ. ಆಕೆ ಕುರ್ಚಿಯಿಂದ ಇಳಿದು ರಸ್ತೆಗೆ ಕೆನ್ನೆ ತಾಗುವಷ್ಟು ಬಗ್ಗಿ, "ಎದ್ದಿತು! ಮತ್ತೆ ಎದ್ದಿತು! ಭಯ ಬಿಡೇ, ನೆಲ ಕಚ್ಚೋದಿಲ್ಲ!" ಎಂದು ಕೂಗುತ್ತಿದ್ದಳು. ಸುಸ್ತಾದಾಗ ಎದ್ದಿತೋ, ಅವಸರದಲ್ಲೋ, ಇಳಿಜಾರಲ್ಲೋ? ಊಟಕ್ಕೆ ಕೂತರೂ ಅತ್ತೆ ಸೊಸೆಯರಿಗೆ ಅದೇ ಚರ್ಚೆ.

"ಈ ಮನೇಲಿ ನನಗೂ ಎರಡು ಕಾಲಿದೆ, ಯಾರಾದರೂ ನೋಡಿ," ಎಂದು ಮಗ ಗೊಣಗಿದ.

"ನಿನ್ನವು ಸೋಫಾ ಮೇಲಿಂದ ಇಳಿದರೆ ತಾನೇ ನೋಡೋದು!" ಎಂದಳು ತಾಯಿ. ಸೊಸೆ ತಟ್ಟೆಯ ಮೇಲೆ ಬಗ್ಗಿ ನಕ್ಕಳು. ಮೂರು ತಿಂಗಳಲ್ಲಿ ಬಲದ ಬೂಟಿನ ಹಿಮ್ಮಡಿಯೂ ಸವೆಯತೊಡಗಿತು.

ಸ್ಪರ್ಧೆಯ ದಿನ ಅತ್ತೆ ಕೊನೆಯ ತಿರುವಿನ ಹಗ್ಗದ ಬಳಿ ನಿಂತಿದ್ದಳು. ಯಾರೋ ಅಪರಿಚಿತ ಹೆಂಗಸು, ಬಿಸಿಲೆಂದು ತನ್ನ ಛತ್ರಿಯ ಅರ್ಧ ನೆರಳನ್ನು ಆಕೆಯ ತಲೆಗೆ ಹಿಡಿದಿದ್ದಳು. ಸೊಸೆ ಇಪ್ಪತ್ತು ಸುತ್ತು ಹಾಕಬೇಕು. ಹತ್ತೊಂಬತ್ತು ಸುತ್ತಿನಲ್ಲಿ ಒಂದು ತಕರಾರಿಲ್ಲ, ಒಂದು ಎಚ್ಚರಿಕೆಯಿಲ್ಲ. ಈಗ ಮೂರನೆಯವಳಾಗಿ ಬರುತ್ತಿದ್ದಳು. ನಾಲ್ಕನೆಯವಳು ಬೆನ್ನ ಹಿಂದೆಯೇ! ಸೊಸೆ ವೇಗ ಹೆಚ್ಚಿಸಿದಳು...

ಅತ್ತೆ ಹಗ್ಗದ ಮೇಲೆ ಬಗ್ಗಿದಳು. ಬಲ ಹಿಮ್ಮಡಿ ತಡ ಮಾಡುತ್ತಿತ್ತು! ಆಕೆ ಅತ್ತಿತ್ತ ನೋಡಿದಳು. ಆ ತಿರುವಿನಲ್ಲಿ ತೀರ್ಪುಗಾರರಿರಲಿಲ್ಲ. ಕೊನೆಯ ಗೆರೆಗೆ ಇನ್ನೂರು ಹೆಜ್ಜೆಯೂ ಉಳಿದಿರಲಿಲ್ಲ. ಸುಮ್ಮನಿದ್ದರೆ ಸಾಕು... ಬಾಯಿಗೆ ಸೆರಗು ಒತ್ತಿ ಹಿಡಿದಳು. ಆದರೆ ಸೊಸೆ ತಿರುವಿಗೆ ಬಂದವಳು, ದಿನವೂ ಮಾಡುವಂತೆ, ಕಣ್ಣೆತ್ತಿ ಆಕೆಯ ಮುಖವನ್ನೇ ನೋಡಿದಳು.

"ಎದ್ದಿದೆ ಮಗಳೇ!" ಅತ್ತೆ ಕೂಗಿಯೇಬಿಟ್ಟಳು.

ಸೊಸೆ ಒಂದೇ ಒಂದು ಕ್ಷಣ ಹೆಜ್ಜೆ ತಡೆದು ಹಿಮ್ಮಡಿಯನ್ನು ಗಟ್ಟಿಯಾಗಿ ಊರಿದಳು. ಅಷ್ಟರಲ್ಲಿ ಹಿಂದಿನವಳು ದಾಟಿ ಹೋಗಿದ್ದಳು.

ನಾಲ್ಕನೆಯ ಸ್ಥಾನ!

"ಏನಮ್ಮಾ ಮಾಡಿದೆ!" ಹಿಂದೆಯೇ ನಿಂತಿದ್ದ ಮಗ ಅಳುವಂತಾಗಿದ್ದ. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲಾ! ಅಲ್ಲಿ ಒಬ್ಬ ತೀರ್ಪುಗಾರನೂ ಇರಲಿಲ್ಲ!"

"ನಾನಿದ್ದೆ ಕಣೋ," ಎಂದಳು ಅತ್ತೆ.

ಸೊಸೆ ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತಿದ್ದಳು. ತರಬೇತುದಾರರು ಬಂದು ತಲೆ ಸವರಿ, ತಂಡ ಮೂವರದ್ದಷ್ಟೇ ಎಂದು ಹೇಳಿ ಹೋಗಿದ್ದರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ದೂರದಲ್ಲೇ ನಿಂತಳು, ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

"ಬನ್ನಿ ಅತ್ತೆ," ಎಂದು ಸೊಸೆಯೇ ಕರೆದಳು. "ನಿಜವಾಗ್ಲೂ ಎದ್ದಿತ್ತಾ?"

"ಎದ್ದಿತ್ತು."

"ನೀವು ಸುಮ್ಮನಿದ್ದಿದ್ರೆ ನಾನು ಗೆಲ್ತಿದ್ದೆ."

"ಹೌದು... ಬಾಯಿಗೆ ಬೀಗ ಹಾಕ್ಕೋಬೇಕಿತ್ತು. ಬೈಯೇ, ಎಷ್ಟು ಬೇಕಾದ್ರೂ ಬೈ."

ಸೊಸೆ ತಲೆಯಾಡಿಸಿದಳು. "ಗೆದ್ದು ಮನೆಗೆ ಬಂದು, ನಿಮ್ಮ ಮುಖ ಹೇಗೆ ನೋಡ್ತಿದ್ದೆ? ನಿಮಗೆ ಗೊತ್ತಿರ್ತಿತ್ತು."

ಅವಳು ಕಾಲಿನತ್ತ ಬಗ್ಗಿದಳು. ಬೂಟಿನ ದಾರದ ಗಂಟು ಬಿಚ್ಚಲು ಬರಲಿಲ್ಲ. ಅತ್ತೆ ಮೊಣಕಾಲೂರಿ ನೆಲದ ಮೇಲೆ ಕುಳಿತಳು. ಗಂಟು ಬಿಚ್ಚಿ, ಬೆವರಿಗೆ ಅಂಟಿದ್ದ ಬೂಟನ್ನು ಮೆಲ್ಲಗೆ ಎಳೆದು, ಕೆಂಪಗೆ ಊದಿದ ಬಲಗಾಲನ್ನು ಎರಡು ಕೈಯಲ್ಲಿ ತೊಡೆಯ ಮೇಲೆತ್ತಿಕೊಂಡಳು.

"ಅಯ್ಯೋ ಅತ್ತೆ! ಕಾಲು ಮುಟ್ಟಬೇಡಿ... ನೀವು ಹಿರಿಯರು!"

"ಸುಮ್ನಿರೇ," ಎಂದಳು ಅತ್ತೆ, ಆ ಹಳೆಯ ಗಾಯದ ಗೆರೆಯ ಮೇಲೆ ಹೆಬ್ಬೆರಳಾಡಿಸುತ್ತಾ. "ಮೂರು ತಿಂಗಳಿಂದ ದೂರದಿಂದಲೇ ನೋಡಿದ್ದು. ಎಲ್ಲಿ ನೋಯುತ್ತೆ ಅಂತ ಒಂದು ದಿನಾನೂ ಕೇಳಲಿಲ್ಲ. ಇಲ್ಲಿ ನೋಯುತ್ತಾ? ಇಲ್ಲೇನೇ ಮಗಳೇ?"