ರಸ್ತೆ ದಾಟುವ ಹುಡುಗಿಯ ಅಳತೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬಸ್ ಚಾಲಕರ ತರಬೇತಿ ಕೇಂದ್ರದ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಯಾರೋ ಕೇಂದ್ರದ ಕಂಪ್ಯೂಟರಿಗೆ ಕಳ್ಳದಾರಿಯಲ್ಲಿ ನುಗ್ಗಿ ತರಬೇತಿಯ ತಂತ್ರಾಂಶವನ್ನು ಕೆಡಿಸಿದ್ದಾರೆ. ಮೊನ್ನೆಯವರೆಗೆ ನೀರು ಕುಡಿದಷ್ಟು ಸುಲಭವಾಗಿ ಪಾಸಾಗುತ್ತಿದ್ದವರು ಇವತ್ತು ಒಬ್ಬರ ಹಿಂದೊಬ್ಬರು ಹುಡುಗಿಗೆ ಗುದ್ದುತ್ತಿದ್ದಾರೆ.

"ಯಾವ ಹುಡುಗಿ?" ಇನ್‌ಸ್ಪೆಕ್ಟರ್ ಪೆನ್ನು ನಿಲ್ಲಿಸಿದರು.

"ನಿಜವಾದವಳಲ್ಲ ಸಾರ್. ಪರದೆ ಮೇಲಿನವಳು."

"ಹಾಗಾದ್ರೆ ಗಾಯ ಯಾರಿಗೆ?"

"ನಮ್ಮ ಮರ್ಯಾದೆಗೆ. ಗುರುವಾರ ಈ ತಂಡ ರಸ್ತೆಗಿಳೀಬೇಕು. ಹಳೇ ಪ್ರತಿ ಇದೆ, ಹೂಂ ಅಂದ್ರೆ ಈಗಲೇ ಹಾಕಿಬಿಡ್ತೀವಿ."

"ಪಂಚನಾಮೆ ಆಗೋವರೆಗೂ ಏನನ್ನೂ ಮುಟ್ಟಬೇಡಿ."

ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಒಬ್ಬರನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಹೊರಟರು.

ಕೇಂದ್ರದ ಕೋಣೆಯಲ್ಲಿ ನಿಜವಾದ ಬಸ್ಸಿನ ಸೀಟು, ಸ್ಟಿಯರಿಂಗ್, ಪೆಡಲ್‌ಗಳು. ಎದುರಿಗೆ ಮೂರು ಪರದೆ. ಎಲ್ಲರೂ 'ಮೇಷ್ಟ್ರು' ಎನ್ನುವ ಹಳೆಯ ಚಾಲನಾ ಶಿಕ್ಷಕರು ವಿವರಿಸಿದರು. ಕಾರ್ ರೇಸಿನ, ಬಂದೂಕಿನ ಆಟಗಳನ್ನು ಕಟ್ಟುವ ಗೇಮ್ ಎಂಜಿನ್ನನ್ನೇ ಕೊಂಡು, ಗೇಮ್ ಮಾಡುವವನೊಬ್ಬನಿಂದ ಬಸ್ಸು, ರಸ್ತೆ, ಜನ ಎಲ್ಲ ಮಾಡಿಸಿದ್ದು.

"ಡೀಸೆಲ್ ಉಳೀತು ಸಾರ್. ನಮ್ಮ ಕಾಂಪೌಂಡ್ ಗೋಡೇನೂ ಉಳೀತು."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

ಮೇಷ್ಟ್ರು ತಲೆ ಕೆರೆದುಕೊಂಡರು. ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಅದು ದುಂಡಗಿನ ಅಕ್ಷರಗಳಲ್ಲಿ ಎಲ್ಲರನ್ನೂ ಸ್ವಾಗತಿಸುತ್ತಿತ್ತು.

ಠಾಣೆಯ ಜೀಪು ಓಡಿಸುವ ಕಾನ್‌ಸ್ಟೆಬಲ್ ಸೀಟಿಗೆ ಹತ್ತಿದರು. ತಿರುವಿನಲ್ಲಿ ಚೀಲ ಹೊತ್ತ ಹುಡುಗಿ ರಸ್ತೆಗಿಳಿದಳು. ಪರದೆ ಕೆಂಪಾಯಿತು.

"ಅಯ್ಯೋ ಕೂಸೇ!" ಎಂದವರು ಸುಧಾರಿಸಿಕೊಂಡು, "ಸಾರ್, ಹಳೇದನ್ನೂ ನೋಡೋಣ" ಎಂದರು.

ಬೇರೊಂದು ಕಂಪ್ಯೂಟರಿನಲ್ಲಿ ಹಳೆಯ ಪ್ರತಿ ಓಡಿತು. ಅದೇ ವೇಗ, ಅದೇ ತಿರುವು. ಪರದೆ ಹಸಿರಾಗಿ 'ಸುರಕ್ಷಿತ' ಎಂದಿತು. ಮೇಷ್ಟ್ರು ದೃಶ್ಯವನ್ನು ನಿಧಾನವಾಗಿ ತೋರಿಸಿದರು. ಬಸ್ಸಿನ ಮೂತಿಯ ಅಂಚು ಹುಡುಗಿಯ ಭುಜದೊಳಗಿಂದ, ಗಾಳಿಯಲ್ಲಿ ಹೋದಂತೆ ಹಾದುಹೋಯಿತು.

"ಕಣ್ಣಿಗೆ ಹಾಗೆ ಕಾಣುತ್ತೆ ಅಷ್ಟೆ," ಎಂದರು ಮ್ಯಾನೇಜರ್.

"ನಾಲ್ಕು ಜನರ ಕಣ್ಣಿಗೂ ಒಂದೇ ಥರ?" ಎಂದರು ಇನ್‌ಸ್ಪೆಕ್ಟರ್.

ಮೇಷ್ಟ್ರ ಮುಖ ಬಿಳಚಿಕೊಂಡಿತು. "ಇದರಲ್ಲಿ ಪಾಸಾದವರನ್ನ ಗುರುವಾರ ಬಿಡ್ತಿದ್ವಲ್ಲ ಸಾರ್."

ಕೆಡಿಸಬೇಕೆಂದವನು ಬ್ರೇಕು ಕೀಳುತ್ತಾನೆ, ರಸ್ತೆ ಅಳಿಸುತ್ತಾನೆ. ಇಲ್ಲಿ ಬದಲಾದದ್ದು ಯಂತ್ರ ಲೆಕ್ಕಕ್ಕೆ ಹಿಡಿಯುವ ಹುಡುಗಿಯ ಅಳತೆಯೊಂದೇ. ಆ ಅಳತೆ ಎಲ್ಲಿದೆಯೆಂದು ಅಳತೆ ಹಾಕಿದವನಿಗೆ ಮಾತ್ರ ಗೊತ್ತು. ಇನ್‌ಸ್ಪೆಕ್ಟರ್ ಕಾವಲುಗಾರನನ್ನು ಕರೆಸಿದರು.

"ಆ ಗೇಮಿನವರು ಈಚೆಗೆ ಬಂದಿದ್ರಾ?"

"ಶನಿವಾರ ಬಂದ್ರು ಸಾರ್. ಛತ್ರಿ ಮರ್ತಿದೀನಿ ಅಂದ್ರು. ಒಂದು ಗಂಟೆ ಹುಡುಕಿ ಬರಿಗೈಲಿ ಹೋದ್ರು. ಆದ್ರೂ ಪಾಪ, ಖುಷಿಯಾಗಿದ್ರು."

ಪಂಚನಾಮೆ ಬರೆಸುವಾಗ ಇನ್‌ಸ್ಪೆಕ್ಟರ್ ಒಂದು ವಾಕ್ಯವನ್ನು ಎರಡು ಸಲ ಓದಿಸಿದರು: ಹಳೆಯ ಪ್ರತಿಯಲ್ಲಿ ಬಸ್ಸಿನ ಮೂತಿಯ ಅಂಚು ಬಾಲಕಿಯ ಭುಜದೊಳಗಿಂದ ಹಾದುಹೋದರೂ ಯಂತ್ರವು 'ಸುರಕ್ಷಿತ' ಎಂದು ತೋರಿಸುತ್ತದೆ. ಪಂಚರು ಸಹಿ ಹಾಕಿದರು. ಹಳೆಯ ಪ್ರತಿಗೆ ಸೀಲು ಬಿತ್ತು.

"ಹಾಗಾದ್ರೆ ಗುರುವಾರ?" ಮ್ಯಾನೇಜರ್ ಕೇಳಿದರು.

"ಗುರುವಾರ ಯಾರೂ ಇಳಿಯಲ್ಲ," ಎಂದರು ಮೇಷ್ಟ್ರು. "ಮೊದಲಿಂದ ಕಲಿಸ್ತೀನಿ."

ಬಾಗಿಲಲ್ಲಿ ನಿಂತಿದ್ದ, ಬೆಳಿಗ್ಗೆ ಫೇಲಾದ ಚಾಲಕನೊಬ್ಬ ಇನ್‌ಸ್ಪೆಕ್ಟರ್ ಬಳಿ ತಗ್ಗಿದ ದನಿಯಲ್ಲಿ, "ಅವ್ರು ಸಿಕ್ಕಿದ್ರೆ ನನ್ನ ಥ್ಯಾಂಕ್ಸ್ ಹೇಳಿ ಸಾರ್. ನನಗೆ ಹಾಕಿರೋ ರೂಟು ಶಾಲೆ ಮುಂದೇನೇ," ಎಂದ.

ಗೇಮ್ ಮಾಡುವವನ ಮನೆ ಮೂರನೇ ಮಹಡಿಯಲ್ಲಿತ್ತು. ಅವನ ಮಗಳು ಮೇಜಿನ ಕೆಳಗೆ ಮರದ ತುಂಡುಗಳಿಂದ ಊರು ಕಟ್ಟುತ್ತಿದ್ದಳು.

"ಶನಿವಾರ ಹೋಗಿದ್ದು ಛತ್ರಿಗಾ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಹತ್ರ ಛತ್ರೀನೇ ಇಲ್ಲ ಸಾರ್."

"ಹುಡುಗೀನ ದಪ್ಪ ಮಾಡಿದ್ದು?"

"ದಪ್ಪ ಮಾಡ್ಲಿಲ್ಲ. ಅವಳು ಎಷ್ಟಿದ್ದಾಳೋ ಅಷ್ಟು ಮಾಡಿದೆ. ಆಟಗಳಲ್ಲಿ ಏಟು ತಗಲೋ ಜಾಗಾನ ಮೈಗಿಂತ ಸಣ್ಣದಾಗಿ ಇಡ್ತೀವಿ. ಕೂದಲೆಳೇಲಿ ಪಾರಾದೆ ಅಂತ ಆಡೋರು ಖುಷಿಪಡ್ಲಿ ಅಂತ. ಕೈ ಅಭ್ಯಾಸ. ಇಲ್ಲೂ ಹಾಗೇ ಇಟ್ಟುಬಿಟ್ಟಿದ್ದೆ."

"ಕೇಂದ್ರದವರಿಗೆ ಹೇಳಬಹುದಿತ್ತಲ್ಲ?"

"ಎರಡು ಸಲ ಬರೆದೆ. ಒಪ್ಪಂದ ಮುಗಿದಿದೆ, ಫಲಿತಾಂಶ ಚೆನ್ನಾಗಿದೆ ಅಂದ್ರು."

"ತಪ್ಪು ಸರಿಮಾಡಿದ್ರೂ, ಇನ್ನೊಬ್ಬರ ಪಾಸ್‌ವರ್ಡಲ್ಲಿ ನುಗ್ಗಿದ್ದು ಅಪರಾಧ."

"ಗೊತ್ತು ಸಾರ್. ಚಪ್ಪಲಿ ಹಾಕ್ಕೊಂಡು ಬರ್ತೀನಿ." ಮಗಳನ್ನು ಹೆಂಡತಿಯ ಕೈಗೆ ಕೊಟ್ಟು ಅವನು ಹೊರಟ.

ಸಂಜೆ ಠಾಣೆಯಲ್ಲಿ ಬಂಧನದ ಕಾಗದಗಳು ಸಿದ್ಧವಾದವು. ಜಾಮೀನಿಗೆ ಮೇಷ್ಟ್ರೇ ಬಂದು ಬೆಂಚಿನಲ್ಲಿ ಕುಳಿತಿದ್ದರು. ಚಾಲಕನ ಥ್ಯಾಂಕ್ಸನ್ನು ಇನ್‌ಸ್ಪೆಕ್ಟರ್ ತಲುಪಿಸಿದಾಗ ಗೇಮ್ ಮಾಡುವವನು ಕಾಗದದಿಂದ ತಲೆಯೆತ್ತಿ, ಶನಿವಾರ ತಾನು ಹೋದದ್ದೇಕೆಂದು ಹೇಳಿದ.

ಹೋದ ತಿಂಗಳು ಮಗಳು ಅವನ ಕೈಬಿಡಿಸಿಕೊಂಡು ರಸ್ತೆಗೆ ಓಡಿದ್ದಳಂತೆ. ಬಸ್ಸೊಂದು ನಿಂತಿತು. ಅವಳು ಕೈ ಚಾಚಿ ಅದರ ಮೂತಿಯ ಮೇಲೆ ಅಂಗೈ ಇಟ್ಟಳು, ಅಷ್ಟು ಹತ್ತಿರ. ಚಾಲಕ "ನೋಡ್ಕೊಳ್ಳಪ್ಪಾ" ಎಂದಷ್ಟೇ ಹೇಳಿ ಹೊರಟುಹೋದ.

"ಥ್ಯಾಂಕ್ಸ್ ಅನ್ನೋಕೂ ಬಾಯಿ ಬರ್ಲಿಲ್ಲ ಸಾರ್. ಬಸ್ ನಂಬರೂ ನೋಡ್ಲಿಲ್ಲ. ಯಾರು ಕಲಿಸಿದ್ರೋ ಅವರಿಗೆ, ಪುಣ್ಯಾತ್ಮರು. ನನ್ನ ಗೇಮಲ್ಲಿ ಕಲಿತಿದ್ರೆ ಇನ್ನೊಂದು ಗೇಣು ಮುಂದೆ ಬಂದು ನಿಲ್ಲಿಸಿರೋರು."