ಟ್ಯಾಂಕಿನ ಬೈತಲೆ

"ಗೆರೆ ದಾಟ್ಬೇಡ ಅಂದ್ನಲ್ಲೋ. ಈ ಕಡೆ ನಂದು."

ಮಿನೋರಿ ತಮ್ಮನ ಕೈಯನ್ನು ಹಿಂದಕ್ಕೆ ತಳ್ಳಿದಳು. ಯುದ್ಧಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲಿನ ನಟ್ಟನಡುವೆ ಅವಳೇ ಉದ್ದಕ್ಕೆ ಟೇಪು ಅಂಟಿಸಿದ್ದಳು. ಎಡಭಾಗ ಐದನೇ ಕ್ಲಾಸಿನ ಮಿನೋರಿಯದು, ಬಲಭಾಗ ಒಂದನೇ ಕ್ಲಾಸಿನ ರಿಕುವಿನದು. ಇಬ್ಬರು ಮಕ್ಕಳಿಗೆ ಒಂದೇ ಟ್ಯಾಂಕು ತಂದುಕೊಡುವ ಮೊದಲು ಚಿಕ್ಕಪ್ಪ ಸ್ವಲ್ಪ ಯೋಚಿಸಬೇಕಿತ್ತು.

ಹಸಿರು ಬಣ್ಣ ಆಗಲೇ ಒಣಗಿತ್ತು. ಇನ್ನು ಕಂದು ಮಚ್ಚೆ ಹಾಕಬೇಕು. ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಇದ್ದಿದ್ದರೆ ಸುಯ್ಯೆಂದು ಕೆಲಸ ಮುಗಿಯುತ್ತಿತ್ತು. ಆದರೆ ಮನೆಯ ಮುಂದಿನ ಕೋಣೆಯೇ ಅಪ್ಪನ ಕ್ಷೌರದಂಗಡಿ. "ಆ ಮೆಷಿನ್ ಗುರ್ ಅಂದ್ರೆ ಗಿರಾಕಿ ಬೆಚ್ಚಿಬೀಳ್ತಾರೆ. ಆಗ ನನ್ ಕೈಲಿ ಕತ್ತಿ ಇರುತ್ತೆ," ಎಂದಿದ್ದರು.

ಮಿನೋರಿ ಪೆನ್ಸಿಲಿನಲ್ಲಿ ಅಂಚು ಬರೆದು, ಉಸಿರು ಬಿಗಿಹಿಡಿದು, ಸಣ್ಣ ಬ್ರಷ್‌ನಿಂದ ಬಣ್ಣ ತುಂಬಿದಳು. ರಿಕು ಪಾತ್ರೆ ತೊಳೆಯುವ ಸ್ಪಾಂಜಿನ ಚೂರೊಂದನ್ನು ಬಣ್ಣಕ್ಕೆ ಅದ್ದಿ, ಪೇಪರಿನ ಮೇಲೆ ಒತ್ತಿ ಒತ್ತಿ, ಉಳಿದದ್ದನ್ನು ಟ್ಯಾಂಕಿಗೆ ಮೆಲ್ಲಗೆ ತಟ್ಟುತ್ತಿದ್ದ.

"ಏನೋ ಇದು, ಬೂಸ್ಟು ಹಿಡಿದಂಗಿದೆ."

"ನಿಂದು ಹಸು ಥರ ಇದೆ," ಎಂದ ರಿಕು.

ಟೇಪು ಕಿತ್ತಾಗ ನಡುವೆ ನೇರವಾದ ಹಸಿರು ಗೆರೆ ಉಳಿಯಿತು. ಅಪ್ಪ ನೋಡಿ ನಕ್ಕರು. "ಬೈತಲೆ ಚೆನ್ನಾಗಿ ತೆಗ್ದಿದ್ದೀರ. ನಾನ್ ತೆಗೆಯೋದಕ್ಕಿಂತ ನೇರವಾಗಿದೆ."

ಅವರ ಊರಾದ ಶಿಜುಓಕದಲ್ಲಿ ಮೇ ತಿಂಗಳು ಮಾಡೆಲ್ ಮೇಳದ ತಿಂಗಳು. ಅವರ ಬೀದಿಯ ಒಂದೊಂದು ಅಂಗಡಿಯಲ್ಲೂ ಒಂದು ಮಾಡೆಲ್ ಇಡುತ್ತಾರೆ. ಅಪ್ಪ ಟ್ಯಾಂಕನ್ನು ಕನ್ನಡಿಯ ಮುಂದೆ, ಜರಿಗಿಡದ ಎಲೆಗಳ ನಡುವೆ ಇಟ್ಟರು. ಆದರೆ ಗಿರಾಕಿಗೆ ಯಾವ ಕಡೆ ಕಾಣಬೇಕು? ಇವಳು ಹೀಗೆ ತಿರುಗಿಸಿದರೆ ಅವನು ಹಾಗೆ ತಿರುಗಿಸಿದ.

"ದಿನಕ್ಕೊಬ್ಬರು," ಎಂದು ಅಪ್ಪ ತೀರ್ಪು ಕೊಟ್ಟರು.

ಶನಿವಾರ ಮಿನೋರಿಯ ಸರದಿ. ಹಳೆಯ ಗಿರಾಕಿ ಓಗಿವಾರ ತಾತ ಬಾಗಿಲಲ್ಲೇ ನಿಂತು, "ಓಹೋ, ಟ್ಯಾಂಕ್ ಬಂದಿದೆ," ಎಂದರು. ಆಮೇಲೆ ಬಂದವರೂ ಅದನ್ನೇ ಹೇಳಿದರು. ಆ ದಿನ ಮಿನೋರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ರಿಕು ಬೆಳಿಗ್ಗೆಯಿಂದ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ. ಗಿರಾಕಿಗಳು ಬಂದರು, ಕ್ಷೌರ ಮಾಡಿಸಿಕೊಂಡರು, ಹೋದರು. ಯಾರೂ ಏನೂ ಅನ್ನಲಿಲ್ಲ. ಕೊನೆಗೆ ತೋಫು ಅಂಗಡಿಯ ಮಾವ ಕುರ್ಚಿಯಲ್ಲಿ ಕೂತು, "ಟ್ಯಾಂಕ್ ಇಟ್ಟಿದ್ದೀರಂತೆ, ಎಲ್ಲಿ?" ಎಂದು ಕೇಳಿದರು.

ರಿಕು ಸರಸರ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. "ನಂದು ಯಾರಿಗೂ ಕಾಣ್ಲೇ ಇಲ್ಲ ಅಕ್ಕ."

ಮಿನೋರಿಗೆ ಮೊದಲು ನಗು ಬಂತು. ಮಾವ ಹೋದ ಮೇಲೆ ಅವಳೇ ಹೋಗಿ ಆ ಕುರ್ಚಿಯಲ್ಲಿ ಕೂತಳು. ಟ್ಯಾಂಕು ಎಲ್ಲಿದೆ ಎಂದು ಗೊತ್ತಿದ್ದರೂ ಕಣ್ಣು ಒಂದು ಕ್ಷಣ ಹುಡುಕಬೇಕಾಯಿತು. ರಿಕುವಿನ ಕಂದು ಎಲ್ಲಿ ಮುಗಿಯಿತು, ಎಲೆಯ ನೆರಳು ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ. ಎದ್ದು ಹೋಗಿ ಎಲೆ ಸರಿಸಿದಾಗ ಹಿಂದಿನ ಕನ್ನಡಿಯಲ್ಲಿ ಅವಳ ಕಡೆ ಕಂಡಿತು. ಒಂದೊಂದು ಮಚ್ಚೆಯೂ ಎದ್ದು ಕಾಣುತ್ತಿತ್ತು.

ಟ್ಯಾಂಕು ಅಡಗಿಕೊಳ್ಳಲಿ ಎಂದೇ ಅಲ್ಲವೇ ಮಚ್ಚೆ ಬಳಿಯುವುದು? ಮಿನೋರಿಯ ಮುಖ ಬಿಸಿಯಾಯಿತು.

ಅಂಗಡಿ ಮುಚ್ಚಿದ ಮೇಲೆ ಅವಳು ಟ್ಯಾಂಕನ್ನು ಒಳಗೆ ತಂದಳು. "ರಿಕು, ಆ ಸ್ಪಾಂಜ್ ಎಲ್ಲಿಟ್ಟೆ?"

"ಯಾಕೆ?"

"ನನ್ ಕಡೆಗೂ ಹಾಕು ಬಾ. ಹೇಗೆ ಮಾಡ್ತೀಯ ಅಂತ ನಂಗೂ ಹೇಳ್ಕೊಡು."

ರಿಕು ಅನುಮಾನದಿಂದ ನೋಡಿದ. "ಮತ್ತೆ ಗೆರೆ?"

"ಮೊದ್ಲು ಗೆರೆ ಮೇಲೇ ತಟ್ಟು."

ಅವನು ಮೂಗು ಒರೆಸಿಕೊಂಡು ಸ್ಪಾಂಜನ್ನು ಪೇಪರಿಗೆ ಒತ್ತಿದ. "ಬಣ್ಣ ಖಾಲಿ ಆಯ್ತೇನೋ ಅನ್ನಿಸ್ಬೇಕು. ಆಮೇಲೆ ಹೀಗೆ." ಮಿನೋರಿಯ ಮೊದಲ ಮಚ್ಚೆ ಕೆಟ್ಟಿತು. ಎರಡನೆಯದು ಪರವಾಗಿಲ್ಲ ಎಂದ ರಿಕು. ಬಣ್ಣ ಒಣಗಿದ ಮೇಲೆ ಟ್ಯಾಂಕನ್ನು ಮತ್ತೆ ಕನ್ನಡಿಯ ಮುಂದೆ, ಎಲೆಗಳ ನಡುವೆ ಇಟ್ಟರು.

ಮಂಗಳವಾರ ಸಂಜೆ ಓಗಿವಾರ ತಾತ ಮತ್ತೆ ಬಂದರು. ಶನಿವಾರ ಮರೆತುಹೋದ ಟೋಪಿ ತೆಗೆದುಕೊಂಡು ಕನ್ನಡಿಯ ಕಡೆ ನೋಡಿದರು. "ಅಲ್ಲ, ಇಲ್ಲಿದ್ದ ಟ್ಯಾಂಕ್ ಎಲ್ಲಿ ಹೋಯ್ತು?"

ರಿಕು ಬಾಯಿ ತೆರೆದ. ಮಿನೋರಿ ಅವನ ತೋಳು ಚಿವುಟಿದಳು. ಇಬ್ಬರೂ ತುಟಿ ಬಿಗಿಹಿಡಿದು, ನಗು ತಡೆದುಕೊಂಡು, ತಾತ ಹುಡುಕುವುದನ್ನೇ ನೋಡುತ್ತ ನಿಂತರು.